ಜಪಾನಿಗೆ ಹೊರಟವರ ಬುತ್ತಿ

ಮಗಳು ಟೋಕಿಯೊದಲ್ಲಿ ನೌಕರಿಗೆ ಇದ್ದಾಳೆ, ಹದಿನೈದು ದಿನ ಬಂದು ಇದ್ದು ಹೋಗ್ರಿ ಎಂದು ಗಂಟುಬಿದ್ದಿದ್ದಾಳೆ. ವೀಸಾ ಆಯಿತು, ಟಿಕೆಟ್ ಆಯಿತು, ಸ್ವೆಟರೂ ಬಂತು. ಇಂಡಿಯಲ್ಲಾಗಲಿ ಸಿಂದಗಿಯಲ್ಲಾಗಲಿ, ಅಂಥ ಮನೆಯ ಪಡಸಾಲೆಯಲ್ಲಿ ಕೊನೆಗೆ ಉಳಿಯುವ ಪ್ರಶ್ನೆ ಒಂದೇ: "ಅಲ್ಲಿ ಉಣ್ಣಾಕ ಏನ್ ಸಿಗತೈತ್ರಿ?"

ಉತ್ತರ ಹೇಳುವವರಲ್ಲಿ ಎರಡು ಪಂಗಡ. "ಏನೂ ಸಿಗಂಗಿಲ್ಲ, ಹದಿನೈದು ದಿನಕ್ಕ ಆಗೋವಷ್ಟು ರೊಟ್ಟಿ ಬಡಕೊಂಡು ಹೋಗ್ರಿ" ಎನ್ನುವವರು ಒಂದು ಕಡೆ. "ಇಂಡಿಯನ್ ಹೋಟೆಲ್ ಓಣಿಗೊಂದು ಅದಾವ, ಚಿಂತಿ ಬ್ಯಾಡ" ಎನ್ನುವವರು ಇನ್ನೊಂದು ಕಡೆ. ಮೊದಲನೆಯವರ ಮಾತು ಕೇಳಿದರೆ ಸೂಟ್‌ಕೇಸಿನ ತೂಕ ಮೀರುತ್ತದೆ. ಎರಡನೆಯವರ ಮಾತು ಕೇಳಿದರೆ ಎರಡು ಹೊತ್ತೂ ನಾನ್ ತಿಂದು ಮೂರನೇ ದಿನಕ್ಕೆ ಹೊಟ್ಟೆ ಕೆಡುತ್ತದೆ. ನಮ್ಮ ಊಟದ ಪದ್ಧತಿಯೇ ಇದಕ್ಕೆ ಒಂದು ದಾರಿ ತೋರಿಸುತ್ತದೆ. ಹೊಟ್ಟೆ ತುಂಬುವುದಕ್ಕೆ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವುದಕ್ಕೆ ಹಿಂಡಿ, ಖಾರ, ಪಲ್ಲೆ. ಇವೆರಡರಲ್ಲಿ ಹಚ್ಚಿಕೊಳ್ಳುವುದನ್ನು ಮನೆಯಿಂದ ಒಯ್ಯಿರಿ, ಹೊಟ್ಟೆ ತುಂಬುವುದನ್ನು ಅಲ್ಲೇ ಕೊಳ್ಳಿರಿ. ಜಪಾನಿನಲ್ಲಿ ಅನ್ನ, ಹಾಲು, ಮೊಸರು, ಗೆಣಸು, ಹಣ್ಣು ಯಾವ ಊರಲ್ಲೂ ಸಿಗುತ್ತವೆ. ಸಿಗದಿರುವುದು ನಮ್ಮ ನಾಲಗೆಯ ರುಚಿ.

ಮೀನು ಇರುವುದು ನೀರಿನಲ್ಲಿ

ತಟ್ಟೆಯಲ್ಲಿ ಮೀನಿನ ತುಂಡು ಕಂಡರೆ ಯಾರಾದರೂ ಪಕ್ಕಕ್ಕೆ ಸರಿಸುತ್ತಾರೆ. ಜಪಾನಿನಲ್ಲಿ ತೊಂದರೆ ಕೊಡುವುದು ಕಣ್ಣಿಗೆ ಕಾಣದ ಮೀನು. ಅಲ್ಲಿನ ಅಡುಗೆಗೆ ಅಡಿಪಾಯ 'ದಶಿ' ಎಂಬ ತಿಳಿ ಸಾರು. ಸಾಮಾನ್ಯವಾಗಿ ಇದನ್ನು ಕತ್ಸುವೊ ಮೀನನ್ನು ಒಣಗಿಸಿ, ಹೊಗೆ ಹಿಡಿಸಿ, ಹೆರೆದ ಸಿಪ್ಪೆಯಿಂದ (ಅದರ ಹೆಸರು ಕತ್ಸುವೊಬುಶಿ) ಮಾಡುತ್ತಾರೆ. ಕೆಲವು ಕಡೆ ಒಣಗಿದ ಸಣ್ಣ ಮೀನು ಹಾಕುತ್ತಾರೆ. ಮಿಸೊ ಸೂಪು, ಉದೊನ್ ಮತ್ತು ಸೋಬಾ ಶಾವಿಗೆಯ ಸಾರು, ತೆಂಪುರಾದ ಜೊತೆಗಿನ ಅದ್ದುವ ನೀರು, ಬೇಯಿಸಿದ ಗಜ್ಜರಿ ಮೂಲಂಗಿ, ಎಲ್ಲದರೊಳಗೂ ಅದೇ. ಬದನೆಕಾಯಿಯ ತೆಂಪುರಾ ನೋಡಲು ನಮ್ಮ ಭಜಿಯೇ. ಭಜಿಯಲ್ಲಿ ಮೀನಿಲ್ಲದಿದ್ದರೂ ಪಕ್ಕದ ಬಟ್ಟಲಿನಲ್ಲಿ ಇರುತ್ತದೆ.

ಕೊಂಬು ಎಂಬ ಸಮುದ್ರಪಾಚಿ ಮತ್ತು ಒಣಗಿದ ಶೀಟಾಕೆ ಅಣಬೆಯಿಂದಲೂ ದಶಿ ಮಾಡುತ್ತಾರೆ. ಅದು ಪೂರ್ತಿ ಸಸ್ಯಾಹಾರ. ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣ ಎಂದು ಕಿಕುನಾಯೆ ಇಕೆದಾ ಎಂಬ ವಿಜ್ಞಾನಿ 1908ರಲ್ಲಿ ಕಂಡುಹಿಡಿದರು. ಅಜಿನೊಮೊಟೊ ಹುಟ್ಟಿದ್ದು ಅಲ್ಲಿಂದ. ದಶಿಯಲ್ಲಿ ಹೀಗೆ ಎರಡೂ ಬಗೆ ಇರುವುದರಿಂದ ಕೇಳಬೇಕಾದ ಪ್ರಶ್ನೆ "ಇದರಲ್ಲಿ ಮಾಂಸ ಇದೆಯಾ?" ಎಂದಲ್ಲ, "ದಶಿ ಯಾವುದರದ್ದು?" ಎಂದು.

ಮೀನನ್ನು ಅಲ್ಲಿಯವರು ಮಾಂಸದ ಲೆಕ್ಕಕ್ಕೆ ಹಿಡಿಯದಿರುವುದಕ್ಕೆ ಹಳೆಯ ಕಾರಣವಿದೆ. ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಮಂಗ, ಕೋಳಿಗಳ ಮಾಂಸಕ್ಕೆ ನಿಷೇಧ ಹಾಕಿದ. ಮೀನು ಆ ಪಟ್ಟಿಯಲ್ಲಿ ಇರಲಿಲ್ಲ. ಮೆಯಿಜಿ ಚಕ್ರವರ್ತಿ ಎಲ್ಲರಿಗೂ ತಿಳಿಯುವಂತೆ ದನದ ಮಾಂಸ ತಿಂದದ್ದು 1872ರಲ್ಲಿ. ನಡುವಿನ ಶತಮಾನಗಳಲ್ಲಿ ಅಲ್ಲಿನ ಅಡುಗೆಮನೆಯನ್ನು ನಡೆಸಿದ್ದು ಮೀನು ಮತ್ತು ಸೋಯಾ. ಹಾಗಾಗಿ "ನಾನು ವೆಜಿಟೇರಿಯನ್" ಎಂದವರ ಮುಂದೆ ಮೀನಿನ ಸಾರು ತಂದಿಟ್ಟ ಮಾಣಿ ಮೋಸ ಮಾಡಿದ ಎಂದುಕೊಳ್ಳಬೇಡಿ.

ಹೊರಡುವ ಮೊದಲು

1. ವಿಮಾನದ ಊಟ. ಟಿಕೆಟ್ ಮಾಡುವಾಗ 'ಹಿಂದೂ ಮೀಲ್' ಎಂದು ಕಂಡರೆ ಅದನ್ನು ಒತ್ತಬೇಡಿ. ದನದ ಮಾಂಸ ಇಲ್ಲ ಎಂಬುದಷ್ಟೇ ಅದರ ಖಾತರಿ, ಕೋಳಿ ಕುರಿ ಬರಬಹುದು. ನಮಗೆ ಬೇಕಾದದ್ದು 'ಏಷ್ಯನ್ ವೆಜಿಟೇರಿಯನ್' ಅಥವಾ 'ಇಂಡಿಯನ್ ವೆಜಿಟೇರಿಯನ್'. ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿನ್ನದವರಿಗೆ 'ಜೈನ್ ಮೀಲ್'. ಕನಿಷ್ಠ 24 ತಾಸು ಮೊದಲು ಹೇಳಿರಬೇಕು, ಕೆಲವು ಕಂಪನಿಗಳಿಗೆ ಅದಕ್ಕೂ ಮುಂಚೆ. ಮರಳಿ ಬರುವ ವಿಮಾನಕ್ಕೂ ಹೇಳಿದ್ದೀರಾ ನೋಡಿಕೊಳ್ಳಿ, ಇದನ್ನು ಮರೆಯುವವರೇ ಹೆಚ್ಚು.

2. ಹಿಂಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಪುಟಾಣಿ ಚಟ್ನಿ. ಹುರಿದು ಕುಟ್ಟಿದ ಇವುಗಳಲ್ಲಿ ನೀರಿನ ಪಸೆ ಇರುವುದಿಲ್ಲ, ಅದಕ್ಕೇ ಬೂಸು ಹಿಡಿಯುವುದಿಲ್ಲ. ಇಬ್ಬರಿಗೆ ಒಂದು ವಾರಕ್ಕೆ ಎಲ್ಲ ಸೇರಿ ಮುಕ್ಕಾಲು ಕಿಲೊ ಸಾಕು. ಬೆಳ್ಳುಳ್ಳಿಯನ್ನು ಹಸಿಯಾಗಿ ಹಾಕದೆ ಹುರಿದು ಹಾಕಿ. ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಹೆಸರಿಲ್ಲದ ಕೆಂಪು ಪುಡಿಯ ಚೀಲ ಕಂಡರೆ ಯಾವ ದೇಶದ ಅಧಿಕಾರಿಯೂ ತೆರೆಸುತ್ತಾನೆ. ಖಾರದ ಪುಡಿ, ಎಣ್ಣೆಯ ಉಪ್ಪಿನಕಾಯಿ, ರಂಜಕ ಇವೆಲ್ಲ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ.

3. ರೊಟ್ಟಿ. ಖಡಕ್ ರೊಟ್ಟಿ ಒಯ್ಯಿರಿ, ಮೆತ್ತನೆಯದು ಬೇಡ. ಸಜ್ಜಿಯದಾಗಲಿ ಜೋಳದ್ದಾಗಲಿ, ಚೆನ್ನಾಗಿ ಒಣಗಿಸಿದ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಆದರೆ ಜೂನ್ ಜುಲೈಯಲ್ಲಿ ಜಪಾನಿನ ಬಹುಭಾಗದಲ್ಲಿ ಮಳೆಗಾಲ, ಗಾಳಿಯಲ್ಲೇ ನೀರು. ತೆರೆದಿಟ್ಟ ರೊಟ್ಟಿ ಒಂದೇ ರಾತ್ರಿಯಲ್ಲಿ ಚರ್ಮದಂತಾಗುತ್ತದೆ. ನಾಲ್ಕು ನಾಲ್ಕು ರೊಟ್ಟಿ ಮುರಿದು ಜಿಪ್ ಚೀಲದಲ್ಲಿ ಇಟ್ಟು, ಆ ಹೊತ್ತಿಗೆ ಬೇಕಾದ ಚೀಲ ಮಾತ್ರ ತೆರೆಯಿರಿ. ದಿನಕ್ಕೆ ಒಬ್ಬರಿಗೆ ಒಂದು ರೊಟ್ಟಿಯ ಲೆಕ್ಕ ಹಿಡಿದರೆ ಸಾಕು. ಇದು ಹೊಟ್ಟೆಗಿಂತ ಹೆಚ್ಚಾಗಿ ಮನಸ್ಸಿನ ಸಮಾಧಾನಕ್ಕೆ.

4. ಮಾದಲಿ. ಬುತ್ತಿಯ ಪಟ್ಟಿಯಲ್ಲಿ ಯಾರೂ ಇದನ್ನು ನೆನೆಸುವುದಿಲ್ಲ. ಮದುವೆ ಮನೆಯ ಮಾದಲಿ ಪ್ರವಾಸಕ್ಕೆ ಹೇಳಿ ಮಾಡಿಸಿದ ಊಟ. ಬೇಯಿಸಿ, ಒಣಗಿಸಿ, ಪುಡಿ ಮಾಡಿ, ಬೆಲ್ಲ, ಶುಂಠಿ, ಏಲಕ್ಕಿ ಬೆರೆಸಿದ್ದು. ಬಿಸಿ ಹಾಲು ಹಾಕಿದರೆ ಬೆಳಗಿನ ತಿಂಡಿ ಮುಗಿಯಿತು. ಹಾಲು ಜಪಾನಿನ ಯಾವ ಮೂಲೆಯಲ್ಲೂ ಸಿಗುತ್ತದೆ. ಶೇಂಗಾ ಹೋಳಿಗೆಯೂ ಹಲವು ದಿನ ಕೆಡುವುದಿಲ್ಲ.

5. ಒಯ್ಯಬಾರದವು. ಇಂಡಿಯ ನಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಆದರೂ ಹಸಿ ನಿಂಬೆಹಣ್ಣು ಜಪಾನಿನ ಗಡಿ ದಾಟುವಂತಿಲ್ಲ. ಹಣ್ಣಿನ ನೊಣದ ಭಯಕ್ಕೆ ಅವರು ಹಸಿ ಹಣ್ಣಿನ ವಿಷಯದಲ್ಲಿ ಬಹಳ ಬಿಗಿ. ಅದೇ ನಿಂಬೆಯ ಉಪ್ಪಿನಕಾಯಿಗೆ ತಕರಾರಿಲ್ಲ. ಹಸಿಮೆಣಸಿನಕಾಯಿ, ಕರಿಬೇವು ಕೂಡ ಒಯ್ಯಬೇಡಿ. ಕೊತ್ತಂಬರಿ, ಹಸಿ ಶೇಂಗಾ, ಕಾಳುಕಡಿ, ಇವು ಸಸ್ಯ ಪ್ರಮಾಣಪತ್ರ ಕೇಳುತ್ತವೆ. ನಾಲ್ಕು ಎಸಳು ಕೊತ್ತಂಬರಿಗಾಗಿ ಆ ಪತ್ರ ಮಾಡಿಸುತ್ತ ಕೂಡುವುದು ಯಾರಿಗೂ ಬೇಡ. ಮಾಂಸದ ಯಾವ ಪದಾರ್ಥವೂ ಬೇಡ, ಒಣಗಿಸಿದ್ದೂ ಸೇರಿ. ದಂಡ ದೊಡ್ಡದು. ಇಡೀ ಒಣಕೊಬ್ಬರಿ ಬಟ್ಟಲನ್ನು ಬೆಂಕಿಯ ಭಯಕ್ಕೆ ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ.

ಇನ್ನೊಂದು, ಗಸಗಸೆ. ಅಂಟಿನ ಉಂಡಿಗೆ, ಮಾದಲಿಗೆ ಕೈತುಂಬ ಗಸಗಸೆ ಹಾಕುವುದು ನಮ್ಮ ಕಡೆಯ ಪ್ರೀತಿ. ಸಿಂಗಾಪುರದಲ್ಲೂ ದುಬೈ ಇರುವ ಅರಬ್ ಸಂಯುಕ್ತ ಸಂಸ್ಥಾನದಲ್ಲೂ ಗಸಗಸೆ ನಿಷೇಧದ ಪಟ್ಟಿಯಲ್ಲಿದೆ. ಬೆಂಗಳೂರಿನಿಂದ ಟೋಕಿಯೊಕ್ಕೆ ನೇರ ವಿಮಾನವಿದ್ದರೂ ಅಗ್ಗದ ಟಿಕೆಟ್ ಹಿಡಿದವರು ಇಂಥ ಊರುಗಳಲ್ಲಿ ಇಳಿದು ಹತ್ತುತ್ತಾರೆ. ಈ ಸಲದ ಉಂಡಿಗೆ ಗಸಗಸೆ ಬಿಟ್ಟುಬಿಡಿ.

6. ಕುಕ್ಕರ್ ಬೇಡ. ಜಪಾನಿನ ವಿದ್ಯುತ್ತು 100 ವೋಲ್ಟ್, ನಮ್ಮದು 230. ನಮ್ಮ ಕುಕ್ಕರನ್ನೋ ವಿದ್ಯುತ್ ಕೆಟಲನ್ನೋ ಪ್ಲಗ್ ಬದಲಿಸಿ ಹಚ್ಚಿದರೆ ಅದು ಕೊಡುವ ಶಾಖ ಐದನೇ ಒಂದು ಪಾಲು. ಅಕ್ಕಿ ಬೇಯುವುದಿಲ್ಲ, ನೆನೆಯುತ್ತದೆ. ಹೋಟೆಲ್ ಕೋಣೆಗಳಲ್ಲಿ ಅಡುಗೆಗೆ ಸಾಮಾನ್ಯವಾಗಿ ಅನುಮತಿಯೂ ಇಲ್ಲ. ನೀರು ಕಾಯಿಸುವ ಕೆಟಲ್ ಬಹುತೇಕ ಕೋಣೆಗಳಲ್ಲಿ ಇರುತ್ತದೆ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣಗಳು ಅಲ್ಲಿ ಕೆಲಸಕ್ಕೆ ಬರುತ್ತವೆ. ಮಗಳ ಮನೆಯಲ್ಲೇ ಇಳಿಯುವವರಿಗೆ ಈ ಚಿಂತೆಯೇ ಇಲ್ಲ.

ಅಲ್ಲಿ ಇಳಿದ ಮೇಲೆ

ಸೆವೆನ್ ಇಲೆವೆನ್, ಫ್ಯಾಮಿಲಿ ಮಾರ್ಟ್, ಲಾಸನ್. ಈ ಮೂರು ಹೆಸರಿನ ಸಣ್ಣ ಅಂಗಡಿಗಳು ಜಪಾನಿನ ತುಂಬ ಇವೆ, ಹೆಚ್ಚಿನವು ರಾತ್ರಿಯಿಡೀ ತೆರೆದಿರುತ್ತವೆ. ಅಲ್ಲಿಯವರು ಇವಕ್ಕೆ 'ಕೊಂಬಿನಿ' ಎನ್ನುತ್ತಾರೆ. ಅಲ್ಲೇ ಕೊಂಡದ್ದನ್ನು ಅಲ್ಲೇ ಬಿಸಿ ಮಾಡಿ ಕೊಡುತ್ತಾರೆ. ಕೂತು ತಿನ್ನುವ ಜಾಗ ಇದ್ದರೆ ಅಲ್ಲಿ ತಿಂದದ್ದಕ್ಕೆ ತೆರಿಗೆ ನೂರಕ್ಕೆ 10, ಕಟ್ಟಿಸಿಕೊಂಡು ಹೋದರೆ 8.

ಅಲ್ಲಿ ನಿಮ್ಮ ಊಟ ಹೀಗೆ. ಬೇಯಿಸಿದ ಬಿಳಿ ಅನ್ನದ ಡಬ್ಬಿ ಸಿಗುತ್ತದೆ, ಒಂದರಲ್ಲಿ ಸುಮಾರು 200 ಗ್ರಾಂ. ಸಕ್ಕರೆ ಇಲ್ಲದ ಸಾದಾ ಮೊಸರಿನ ಡಬ್ಬಿ ಒಂದು. ಜಪಾನಿನ ಅಕ್ಕಿ ಗಿಡ್ಡ, ಅದರ ಪಿಷ್ಟದ ಗುಣದಿಂದ ಅನ್ನ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅದರ ಮೇಲೆ ಸಾರು ಸುರಿದರೆ ಮುದ್ದೆ ತೇಲುತ್ತದೆ, ಉದುರಾದ ಅನ್ನ ನಿರೀಕ್ಷಿಸಿದವರಿಗೆ ಅಲ್ಲೇ ಬೇಸರ. ಮೊಸರಿಗೆ ಮಾತ್ರ ಈ ಅಂಟೇ ಒಳ್ಳೆಯದು. ಅನ್ನ ಬಿಸಿಯಿರುವಾಗಲೇ ಚಮಚದಿಂದ ಬಿಡಿಸಿ, ಸ್ವಲ್ಪ ಆರಲು ಬಿಟ್ಟು, ಮೊಸರು ಉಪ್ಪು ಕಲಸಿ, ಮೇಲೆ ಶೇಂಗಾ ಹಿಂಡಿ ಉದುರಿಸಿ. ಬದಿಗೆ ಇಂಡಿ ನಿಂಬೆಯ ಉಪ್ಪಿನಕಾಯಿ. ಹಣ್ಣಿನ ರುಚಿಯ ಮೊಸರುಗಳಲ್ಲಿ ಪ್ರಾಣಿಜನ್ಯ ಜಿಲೆಟಿನ್ ಇರುವುದುಂಟು, ಸಾದಾ ಮೊಸರೇ ಸುರಕ್ಷಿತ.

ಸುಟ್ಟ ಗೆಣಸು, ಅಲ್ಲಿನ ಮಾತಿನಲ್ಲಿ 'ಯಾಕಿ ಇಮೊ', ಚಳಿಗಾಲದಲ್ಲಿ ಸೂಪರ್ ಮಾರ್ಕೆಟುಗಳ ಬಾಗಿಲಲ್ಲೇ ಬಿಸಿಬಿಸಿ ಇಟ್ಟಿರುತ್ತಾರೆ. ಬೇರೇನೂ ಬೆರೆಸದ ಗೆಣಸು, ಮಕ್ಕಳಿಗೂ ಮುದುಕರಿಗೂ ಒಗ್ಗುತ್ತದೆ. ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ, 'ಎದಾಮಾಮೆ', ಅದೂ ಹಾಗೆಯೇ. ಸಿಹಿಗೆ 'ದಾಯ್ಫುಕು' ನೋಡಿ. ಅಂಟು ಅಕ್ಕಿಯ ಕಣಕದೊಳಗೆ ಕೆಂಪು ಕಾಳಿನ ಸಿಹಿ ಹೂರಣ, ನಮ್ಮ ಕಡುಬಿನ ದೂರದ ನೆಂಟ. ಒಣ ಖಾರ ಬೇಕೆಂದರೆ ಶೆಲ್ಫಿನಲ್ಲಿ 'ಇಚಿಮಿ' ಎಂಬ ಶೀಶೆ ಇರುತ್ತದೆ, ಬರೀ ಮೆಣಸಿನಕಾಯಿ ಪುಡಿ. 'ಶಿಚಿಮಿ' ಕೊಂಡರೆ ಅದರಲ್ಲಿ ಎಳ್ಳು, ಕಿತ್ತಳೆ ಸಿಪ್ಪೆ ಎಲ್ಲ ಸೇರಿ ಏಳು ಬಗೆ.

ಅನ್ನದ ತ್ರಿಕೋನದ ಉಂಡೆ 'ಒನಿಗಿರಿ' ಎಲ್ಲರ ಕೈಯಲ್ಲೂ ಕಾಣುತ್ತದೆ. ಒಳಗೆ ಉಪ್ಪಿನ ಹಣ್ಣು (ಉಮೆ) ಅಥವಾ ಸಮುದ್ರಪಾಚಿ (ಕೊಂಬು) ಇರುವವು ಸಸ್ಯಾಹಾರವೆಂದು ಹೇಳುವುದು ರೂಢಿ. ಪೂರ್ತಿ ನಂಬಬೇಡಿ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಕೆಲವದರಲ್ಲಿ ಕತ್ಸುವೊ ಸತ್ವ ಇರುತ್ತದೆ. ಮೊಬೈಲಿನ ಅನುವಾದದ ಆ್ಯಪಿನಲ್ಲಿ ಕ್ಯಾಮೆರಾ ತೆರೆದು ಪೊಟ್ಟಣದ ಹಿಂಬದಿಗೆ ಹಿಡಿಯಿರಿ. ಕನ್ನಡದಲ್ಲಿ ಗೊಂದಲವಾದರೆ ಇಂಗ್ಲಿಷಿಗೆ ತಿರುಗಿಸಿ. ಜಪಾನಿ ಭಾಷೆಯನ್ನು ಊರಲ್ಲೇ ಮೊಬೈಲಿಗೆ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ನಡೆಯುತ್ತದೆ.

ಪೊಟ್ಟಣದ ಮೇಲೆ ಅಲರ್ಜಿಯ ಪಟ್ಟಿ ಇರುತ್ತದೆ. ಕಡ್ಡಾಯವಾಗಿ ಬರೆಯಬೇಕಾದವುಗಳಲ್ಲಿ ತತ್ತಿ, ಹಾಲು, ಗೋಧಿ, ಸೋಬಾ, ಶೇಂಗಾ, ಸಿಗಡಿ, ಏಡಿ, ಅಕ್ರೋಟ ಸೇರಿವೆ. ತತ್ತಿ ತಿನ್ನದವರಿಗೆ ಇದರಿಂದ ದೊಡ್ಡ ಉಪಕಾರ. ಆದರೆ ಕತ್ಸುವೊ ಈ ಕಡ್ಡಾಯದ ಪಟ್ಟಿಯಲ್ಲಿ ಇಲ್ಲ. ಅಲರ್ಜಿಯ ಪಟ್ಟಿ ಖಾಲಿ ಇದೆಯೆಂದು ಮೀನಿಲ್ಲ ಎಂದುಕೊಳ್ಳಬಾರದು, ಪದಾರ್ಥಗಳ ಪೂರ್ತಿ ಪಟ್ಟಿಯನ್ನೇ ಓದಬೇಕು.

ಹೋಟೆಲಿನಲ್ಲಿ ಏನು ಹೇಳಬೇಕು

ಮಗಳಿಂದಲೋ ಟೂರ್ ಕಂಪನಿಯಿಂದಲೋ ಜಪಾನಿಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ. ಅದರಲ್ಲಿ ಇರಬೇಕಾದದ್ದು: ದನ, ಹಂದಿ, ಕೋಳಿ, ಮೀನು, ಸಿಗಡಿ ತಿನ್ನುವುದಿಲ್ಲ. ಮೀನಿನ ದಶಿ, ಮಾಂಸದ ಸಾರು, ಹಂದಿಯ ಕೊಬ್ಬು, ಜಿಲೆಟಿನ್ ಕೂಡ ಆಗುವುದಿಲ್ಲ. ಹಾಲು, ಮೊಸರು ನಡೆಯುತ್ತದೆ. ತತ್ತಿ ನಡೆಯುತ್ತದೋ ಇಲ್ಲವೋ ಬಿಡಿಸಿ ಬರೆಸಿ. ಅಡುಗೆಯಲ್ಲಿ ಮದ್ಯವೂ ಬೇಡ ಎನ್ನುವವರು 'ಮಿರಿನ್' ಮತ್ತು 'ಸಾಕೆ' ಹೆಸರನ್ನೂ ಸೇರಿಸಿ. ಸಿಹಿ ರುಚಿಯ ಬಹಳಷ್ಟು ಅಡುಗೆಗೆ ಇವು ಬೀಳುತ್ತವೆ.

ಬಾಯಿಗೆ ಎರಡು ಮಾತು ಸಾಕು. "ನಿಕು ಮೊ ಸಕನ ಮೊ ತಬೆಮಸೆನ್" ಎಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ. "ಕತ್ಸುವೊ ದಶಿ ಮೊ ದಮೆ ದೆಸ್" ಎಂದರೆ ಮೀನಿನ ದಶಿಯೂ ಆಗುವುದಿಲ್ಲ. ಎದುರಿನವರು ತಲೆ ವಾಲಿಸಿ "ಚೊತ್ತೊ..." ಎಂದು ರಾಗ ಎಳೆದರೆ ಅದು ಇಲ್ಲ ಎಂದೇ ಅರ್ಥ. ನಗುತ್ತ ಎದ್ದು ಬನ್ನಿ. ಅಲ್ಲಿ ದಶಿಯನ್ನು ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟಿರುತ್ತಾರೆ. ನಿಮ್ಮೊಬ್ಬರಿಗಾಗಿ ಅದನ್ನು ತೆಗೆಯಲು ಬರುವುದಿಲ್ಲ, ತೆಗೆದಿದ್ದೇವೆಂದು ಸುಳ್ಳು ಹೇಳಲು ಅವರಿಗೆ ಮನಸ್ಸಿಲ್ಲ. "ಅಡ್ಜಸ್ಟ್ ಮಾಡ್ರಿ" ಎಂದು ನಮ್ಮ ಖಾನಾವಳಿಯಲ್ಲಿ ಹೇಳಿದಂತೆ ಒತ್ತಾಯ ಮಾಡಿದರೆ ಇಬ್ಬರಿಗೂ ಮುಜುಗರ.

ನಂಬಿ ಹೋಗಬಹುದಾದ ಜಾಗಗಳೂ ಇವೆ. ಟೋಕಿಯೊ ರೈಲು ನಿಲ್ದಾಣದ ಒಳಗೆ, ಟಿಕೆಟ್ ಗೇಟು ದಾಟಿದ ಮೇಲೆ, ಟೀಸ್ ತಾನ್‌ತಾನ್ ಎಂಬ ರಾಮೆನ್ ಅಂಗಡಿಯಿದೆ. ಅಲ್ಲಿ ಮಾಂಸ, ಮೀನು, ತತ್ತಿ ಯಾವುದೂ ಬಳಸುವುದಿಲ್ಲ. ಎಳ್ಳಿನ ಗಸಿಯ ಖಾರದ ಸಾರು ನಮ್ಮವರಿಗೆ ಹಿಡಿಸುತ್ತದೆ. ಟೋಕಿಯೊದ ಎದೊಗಾವಾ ವಾರ್ಡಿನ ನಿಶಿ ಕಸಾಯಿಯಲ್ಲಿ ಭಾರತದ ಐಟಿ ಕುಟುಂಬಗಳು ನೆಲೆಸಿವೆ, ನಮ್ಮ ಊಟ, ಬೇಳೆ, ಹಿಟ್ಟು ಅಲ್ಲಿ ಸಿಗುತ್ತವೆ. ಕೋಬೆ ಊರಿನ ಕಿತಾನೊದಲ್ಲಿ 1985ರಿಂದ ಜೈನ ಬಸದಿಯೇ ಇದೆ. ಸಣ್ಣ ಊರುಗಳಲ್ಲೂ ನೇಪಾಳದವರು ನಡೆಸುವ 'ಇಂಡಿಯನ್' ಹೋಟೆಲುಗಳಿವೆ. ದಾಲ್ ಅಥವಾ ಪಾಲಕ್ ಕೇಳಿ, ಆದರೆ ಕರಿಯ ಮೂಲ ಗಸಿಗೆ ಕೋಳಿಯ ಸಾರು ಹಾಕಿಲ್ಲವೆ ಎಂದು ಹಿಂದಿಯಲ್ಲೇ ವಿಚಾರಿಸಿ. ಅಲ್ಲಿ ಭಾಷೆಯ ತೊಂದರೆ ಇಲ್ಲ.

ತತ್ತಿ, ಕೋಳಿ ತಿನ್ನುವವರಿಗೆ

ಇವರ ಭಯ ಬೇರೆ: ಹಸಿ ಮೀನು, ಹಸಿ ತತ್ತಿ, ಗೊತ್ತಿಲ್ಲದೆ ಹೊಟ್ಟೆ ಸೇರುವ ಹಂದಿ. ರಾಮೆನ್ ಸಾರು, ಗ್ಯೋಜಾ, 'ತೊನ್' ಎಂದು ಶುರುವಾಗುವ ತೊನ್‌ಕತ್ಸು, ಇವುಗಳಲ್ಲಿ ಹಂದಿ ಸಾಮಾನ್ಯ. 'ಹಂಬಾಗು' ಎಂಬ ಮಾಂಸದ ಬಿಲ್ಲೆಯಲ್ಲಿ ದನ ಮತ್ತು ಹಂದಿ ಕೂಡಿಯೇ ಇರುವುದುಂಟು. ಹೆದರಿಕೆ ಇಲ್ಲದೆ ಕೇಳಬಹುದಾದದ್ದು ಉಪ್ಪು ಹಚ್ಚಿ ಸುಟ್ಟ ಕೋಳಿ, 'ಯಾಕಿತೊರಿ, ಶಿಯೊ'. ಕೋಳಿ ಮತ್ತು ತತ್ತಿಯನ್ನು ಅನ್ನದ ಮೇಲೆ ಹಾಕಿದ 'ಒಯಾಕೊದೊನ್' ರುಚಿಯೇ, ಆದರೆ ತತ್ತಿ ಅರೆಬೆಂದಿರುತ್ತದೆ. ಹಲಾಲ್ ಬೇಕಾದ ಮುಸ್ಲಿಂ ಬಾಂಧವರು ಟೋಕಿಯೊದ ಶಿನ್ ಓಕುಬೊದ ಅಂಗಡಿಗಳನ್ನೂ ಯೊಯೊಗಿ ಉಎಹಾರಾದ ಟೋಕಿಯೊ ಜಾಮಿ ಮಸೀದಿಯನ್ನೂ ಕೇಳಿ ತಿಳಿದುಕೊಳ್ಳಲಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

* ಬಟಾಟೆ ಫ್ರೈ ಅಂತೂ ಸಸ್ಯಾಹಾರ ಎಂಬ ಧೈರ್ಯ. ಕೆಲವು ಬರ್ಗರ್ ಅಂಗಡಿಗಳಲ್ಲಿ ಕರಿಯುವ ಎಣ್ಣೆಗೆ ದನದ ಕೊಬ್ಬು ಬೆರೆತಿರುತ್ತದೆ.
* ತಣ್ಣನೆಯ ತೋಫು ಕೇಳಿ ನಿಶ್ಚಿಂತೆಯಾಗುವುದು. ಅದರ ಮೇಲೆ ಕತ್ಸುವೊಬುಶಿ ಉದುರಿಸಿ ಕೊಡುತ್ತಾರೆ. "ಕತ್ಸುವೊಬುಶಿ ನಾಶಿ ದೆ" ಎಂದರೆ ಅದನ್ನು ಬಿಟ್ಟು ಕೊಡುತ್ತಾರೆ.
* ಜಪಾನಿ ಕರಿಯನ್ನು ನಮ್ಮ ಪಲ್ಲೆ ಎಂದುಕೊಳ್ಳುವುದು. ತರಕಾರಿ ಮಾತ್ರ ಕಂಡರೂ ಗಸಿಯ ಗಟ್ಟಿಯಲ್ಲಿ ದನ ಅಥವಾ ಹಂದಿಯ ಕೊಬ್ಬು ಸಾಮಾನ್ಯ. ಕೊಕೊ ಇಚಿಬಾನ್ಯಾದ ಕೆಲವು ಅಂಗಡಿಗಳಲ್ಲಿ ಬೇರೆಯದೇ ಸಸ್ಯಾಹಾರಿ ಕರಿ ಇದೆ, ಹೆಸರು ಹೇಳಿ ಕೇಳಬೇಕು.
* ಹೋಟೆಲಿನ ಮೇಜಿನ ಮೇಲೆ ಮನೆಯ ಡಬ್ಬಿ ಬಿಚ್ಚುವುದು. ಹೊರಗಿನ ಆಹಾರ ಅಲ್ಲಿ ನಡೆಯುವುದಿಲ್ಲ. ದೂರದೂರಿಗೆ ಓಡುವ ಶಿಂಕಾನ್ಸೆನ್ ರೈಲಿನಲ್ಲಿ ಸೀಟಿನಲ್ಲಿ ಕೂತು ಉಣ್ಣಬಹುದು, ಊರೊಳಗಿನ ರೈಲಿನಲ್ಲಿ ಬೇಡ. ಕಸದ ಬುಟ್ಟಿ ಬೀದಿಯಲ್ಲಿ ಸಿಗುವುದಿಲ್ಲ, ಖಾಲಿ ಚೀಲ ಜೊತೆಗಿರಲಿ.

ಒಂದು ರಾತ್ರಿ ಗುಡಿಯಲ್ಲಿ

ಇಷ್ಟೆಲ್ಲ ಹೆದರಿಸಿದ ಮೇಲೆ ಒಂದು ಕಡೆಗೆ ಮಾತ್ರ ಕಣ್ಣು ಮುಚ್ಚಿ ಹೋಗಿ ಎನ್ನುತ್ತೇನೆ. ವಕಾಯಾಮಾ ಪ್ರಾಂತದ ಕೋಯಾಸಾನ್ ಬೆಟ್ಟವನ್ನು 816ರಲ್ಲಿ ಕೂಕಾಯಿ ಎಂಬ ಬೌದ್ಧ ಸನ್ಯಾಸಿ ಸಾಧನೆಯ ನೆಲೆಯಾಗಿ ಆರಿಸಿಕೊಂಡರು. ಇಂದು ಅಲ್ಲಿನ ಐವತ್ತರಷ್ಟು ಗುಡಿಗಳಲ್ಲಿ ಯಾತ್ರಿಕರಿಗೆ ಉಳಿಯುವ ವ್ಯವಸ್ಥೆ ಇದೆ. ಅಲ್ಲಿ ಬಡಿಸುವ 'ಶೋಜಿನ್' ಊಟದಲ್ಲಿ ಮಾಂಸವಿಲ್ಲ, ಮೀನಿಲ್ಲ, ಪದ್ಧತಿಯ ಪ್ರಕಾರ ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ಇಲ್ಲ. ದಶಿ ಕೊಂಬು ಮತ್ತು ಅಣಬೆಯದು. ಒಣಗಿಸಿದ 'ಕೋಯಾ ತೋಫು', ಎಳ್ಳಿನ ತೋಫು, ತೆಂಪುರಾ, ಅನ್ನ, ಉಪ್ಪಿನಕಾಯಿ, ಪುಟ್ಟ ಪುಟ್ಟ ಬಟ್ಟಲಲ್ಲಿ ಬರುತ್ತವೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಲಿಂಗಾಯತ ಮನೆಗಳ ಹಿರಿಯರು ಇಡೀ ಪ್ರವಾಸದಲ್ಲಿ ಕೇಳದೆ, ಓದದೆ ಉಣ್ಣಬಹುದಾದ ಊಟ ಬಹುಶಃ ಇದೊಂದೇ. ಖಾರ ಮಾತ್ರ ಹುಡುಕಿದರೂ ಇಲ್ಲ.

ಒಸಾಕಾದ ನಂಬಾದಿಂದ ನಂಕಾಯಿ ರೈಲು ಹತ್ತಿ ಗೊಕುರಾಕುಬಾಶಿಗೆ, ಅಲ್ಲಿಂದ ಕೇಬಲ್ ಕಾರಿನಲ್ಲಿ ಬೆಟ್ಟಕ್ಕೆ. ಕೋಣೆಯನ್ನು ಮೊದಲೇ ಗೊತ್ತುಮಾಡಿ, ತತ್ತಿ ಹಾಲಿನ ವಿಷಯವನ್ನೂ ಆಗಲೇ ಬರೆಯಿರಿ. ರಾತ್ರಿಯೂಟ ಸಂಜೆ ಐದೂವರೆ ಆರಕ್ಕೇ ಬಡಿಸುತ್ತಾರೆ, ತಡವಾಗಿ ಹೋದವರಿಗೆ ಕಾಯುವುದಿಲ್ಲ. ಕ್ಯೋಟೊದ ಅರಾಶಿಯಾಮಾದಲ್ಲಿ ತೆನ್‌ರ್ಯೂಜಿ ಗುಡಿಯ ಶಿಗೆತ್ಸುವಿನಲ್ಲೂ ಇಂಥದೇ ಊಟ ಸಿಗುತ್ತದೆ, ಅದು ಮಧ್ಯಾಹ್ನಕ್ಕೆ ಮಾತ್ರ. ಗುಡಿಯ ಹೊರಗೆ ಪೇಟೆಯ ಹೋಟೆಲುಗಳು ಬಳಸುವ 'ಶೋಜಿನ್' ಹೆಸರಿಗೆ ಅದೇ ಭರವಸೆ ಇಲ್ಲ, ಅಲ್ಲಿ ದಶಿಯ ಪ್ರಶ್ನೆ ಕೇಳಲೇಬೇಕು.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು. ಬಹಳಷ್ಟು ಹೋಟೆಲುಗಳು ಮಧ್ಯಾಹ್ನ ಎರಡರಿಂದ ಸಂಜೆ ಐದರವರೆಗೆ ಒಲೆ ಆರಿಸಿರುತ್ತವೆ. ಗುಳಿಗೆ ತೆಗೆದುಕೊಂಡು ಊಟ ಹುಡುಕುತ್ತ ತಿರುಗಬೇಡಿ. ಖಡಕ್ ರೊಟ್ಟಿಯ ಒಂದು ಚೀಲ, ಎರಡು ಚಮಚ ಹಿಂಡಿ, ಒಂದು ಬಾಳೆಹಣ್ಣು ಸದಾ ಹೆಗಲ ಚೀಲದಲ್ಲಿರಲಿ. ಗುಳಿಗೆಗಳ ಜೊತೆ ವೈದ್ಯರ ಚೀಟಿಯೂ ಇರಲಿ. ಒಂದು ತಿಂಗಳಿಗಿಂತ ಹೆಚ್ಚಿಗೆ ಆಗುವಷ್ಟು ಒಯ್ಯುವವರು ಜಪಾನಿನ ಅನುಮತಿ ಪತ್ರವನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು.